ಮೊದಲ ದಿನ ಏನು ಕೇಳುತ್ತಾರೆ?

ಮಕ್ಕಳೇ, ಮತ್ತು ಮಕ್ಕಳ ಕೈಯಿಂದ ಪತ್ರಿಕೆ ಕಿತ್ತುಕೊಂಡು ತಾವೇ ಮೊದಲು ಓದುವ ಅಜ್ಜ-ಅಜ್ಜಿಯರೇ,

ಈ ವಾರ ಹಳೆಯ ನಾಣ್ಯಗಳ ಬಗ್ಗೆ ಬರೆಯುತ್ತೇನೆ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಕಾಲಾಣೆ, ಅರ್ಧಾಣೆಗಳನ್ನೆಲ್ಲ ಡಬ್ಬಿಯಿಂದ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿಯೂ ಇಟ್ಟಿದ್ದೆ. ಅವು ಇನ್ನೊಂದು ವಾರ ಕಾಯಲಿ. ಬನಶಂಕರಿಯ ಕಡೆಯಿಂದ ಒಂದು ಕಾಗದ ಬಂದಿದೆ. ಬರೆದವಳು ಎಂಟನೇ ಕ್ಲಾಸಿನ ಹುಡುಗಿ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ.

"ತಾತ, ಮೂರು ವಾರದಿಂದ ನನಗೆ ಸ್ಕೂಲಿಗೆ ಹೊರಡೋ ಹೊತ್ತಿಗೆ ಹೊಟ್ಟೆನೋವು ಬರುತ್ತೆ. ಡಾಕ್ಟರು ಸ್ಕ್ಯಾನ್ ಮಾಡಿಸಿ ಏನೂ ಇಲ್ಲ ಅಂದರು. ಭಾನುವಾರ ನೋವು ಬರಲ್ಲ. ಅದಕ್ಕೆ ಅಪ್ಪ ನಾಟಕ ಅಂತಾರೆ. ಅಜ್ಜಿ ದೃಷ್ಟಿ ಆಗಿದೆ ಅಂತಾರೆ. ನಾಟಕ ಅಲ್ಲ ತಾತ, ನಿಜವಾಗಲೂ ನೋಯುತ್ತೆ. ಬರೋ ವಾರದ ಮೇಲೆ ಕೌನ್ಸೆಲಿಂಗ್‌ಗೆ ಕರಕೊಂಡು ಹೋಗ್ತಾರಂತೆ. ಮೊದಲ ದಿನ ಏನು ಕೇಳ್ತಾರೆ? ನಾನು ಹೇಳಿದ್ದನ್ನ ಅಮ್ಮನಿಗೆ ಹೇಳಿಬಿಡ್ತಾರಾ? ಅಲ್ಲಿಗೆ ಹೋದರೆ ನನಗೆ ಹುಚ್ಚು ಅಂತ ಅರ್ಥಾನಾ?"

ಇಂಥ ಕಾಗದಕ್ಕೆ ಉತ್ತರ ಬರೆಯುವಷ್ಟು ಓದು ನನ್ನದಲ್ಲ. ನಾನು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೆ ಆ ಕುರ್ಚಿಯಲ್ಲಿ ಕೂತು ಎದ್ದು ಬಂದಿದ್ದೇನೆ, ಒಂದಲ್ಲ, ಹನ್ನೊಂದು ಸಲ. ಆ ಅನುಭವದ ಮೇಲೆ, ಆಮೇಲೆ ಕೇಳಿ ಓದಿ ತಿಳಿದುಕೊಂಡದ್ದರ ಮೇಲೆ ಬರೆಯುತ್ತಿದ್ದೇನೆ.

ಮೊದಲು ಹೊಟ್ಟೆನೋವಿನ ಮಾತು. ಮಗೂ, ನಿನ್ನ ನೋವು ನಿಜ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಾಲಿನ್ ಎಂಬ ರಸ ಹರಿಯುತ್ತದೆ, ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಹೊಟ್ಟೆ ಹಿಂಡುತ್ತದೆ. ಮಿದುಳಿಗೂ ಕರುಳಿಗೂ ನರಗಳ ನಂಟು ಬಲವಾಗಿದೆ. ಸ್ಕ್ಯಾನ್‌ನಲ್ಲಿ ಕಲ್ಲು ಕಾಣುತ್ತದೆ, ಹೆದರಿಕೆ ಕಾಣುವುದಿಲ್ಲ, ಅಷ್ಟೇ. ಪ್ರತಿ ವರ್ಷ ಮಾರ್ಚ್ 31ಕ್ಕೆ ನಮ್ಮ ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸಬೇಕಾಗಿತ್ತು. ಆವತ್ತು ಬೆಳಿಗ್ಗೆ ನಮ್ಮ ಹೆಡ್ ಕ್ಯಾಷಿಯರ್ ನಾಲ್ಕು ಸಲ ಪಾಯಿಖಾನೆಗೆ ಹೋಗುತ್ತಿದ್ದರು. ಏಪ್ರಿಲ್ 2ನೇ ತಾರೀಖು ಗಟ್ಟಿಮುಟ್ಟಾಗಿರುತ್ತಿದ್ದರು. ಅವರದು ನಾಟಕ ಎಂದು ಯಾರೂ ಅನ್ನಲಿಲ್ಲ.

ಈಗ ಮೊದಲ ದಿನ. ನನ್ನದನ್ನೇ ಹೇಳುತ್ತೇನೆ.

2019ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದವು, ನೆಂಟರು ಊರಿಗೆ ಹೋದರು. ನಾನು ಬೆಳಿಗ್ಗೆ ಐದೂವರೆಗೆ ಎದ್ದು ಡಿಕಾಕ್ಷನ್ ಹಾಕಿ, ಅಡುಗೆಮನೆ ಕಟ್ಟೆಯ ಮೇಲೆ ಎರಡು ಲೋಟ ಇಡುತ್ತಿದ್ದೆ. ಇಟ್ಟ ಮೇಲೆ ನೆನಪಾಗುತ್ತಿತ್ತು. ನಾಲ್ಕು ತಿಂಗಳು ಹೀಗೇ ನಡೆಯಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ವಾಕಿಂಗ್ ನಿಂತಿತು, ಪೇಪರಿನ ಪದಬಂಧ ನಿಂತಿತು. ನಮ್ಮ ಸೊಸೆ ಅದನ್ನೆಲ್ಲ ನೋಡಿಕೊಂಡಿದ್ದಳು. ಒಂದು ದಿನ, "ಮಾವ, ಒಬ್ಬರ ಹತ್ತಿರ ಹೋಗಿ ಮಾತಾಡಿ ಬರೋಣ" ಎಂದಳು. ಹೋದೆವು.

ಜಯನಗರದ ಒಂದು ಮಾಮೂಲಿ ಮನೆಯ ಮೊದಲನೇ ಮಹಡಿ. ಔಷಧದ ವಾಸನೆ ಇಲ್ಲ, ಬಿಳಿ ಕೋಟು ಇಲ್ಲ. ಎರಡು ಕುರ್ಚಿ, ಒಂದು ಸಣ್ಣ ಮೇಜು, ಅದರ ಮೇಲೆ ನೀರಿನ ಜಗ್ಗು, ಟಿಶ್ಯೂ ಡಬ್ಬಿ. ಸಿನಿಮಾದಲ್ಲಿ ತೋರಿಸುವಂತೆ ಯಾರೂ ಮಂಚದ ಮೇಲೆ ಮಲಗಿಸುವುದಿಲ್ಲ. ಎದುರಿಗೆ ಕೂತದ್ದು ನನ್ನ ಮೊಮ್ಮಗಳ ವಾರಿಗೆಯ ಹುಡುಗಿ. ಮೊದಲು ಒಂದು ಫಾರಂ ಕೊಟ್ಟಳು. ಹೆಸರು, ವಯಸ್ಸು, ವಿಳಾಸ, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾವ ಮಾತ್ರೆ ನುಂಗುತ್ತೀರಿ. ಕೆಳಗೆ ಒಪ್ಪಿಗೆಯ ಸಹಿ. ಬ್ಯಾಂಕಿನವನಿಗೆ ಫಾರಂ ಎಂದರೆ ತವರುಮನೆ. ಅಲ್ಲಿಗೆ ಅರ್ಧ ಧೈರ್ಯ ಬಂತು.

ಆಮೇಲೆ ಕೇಳಿದ್ದೆಲ್ಲ ಸಾಧಾರಣ ಪ್ರಶ್ನೆಗಳೇ. ನಿದ್ದೆ ಹೇಗಿದೆ? ಹಸಿವಾಗುತ್ತದೆಯೇ? ಮನೆಯಲ್ಲಿ ಯಾರ್‍ಯಾರಿದ್ದೀರಿ? ಇದು ಯಾವಾಗ ಶುರುವಾಯಿತು? ಹಿಂದೆ ಯಾವಾಗಲಾದರೂ ಹೀಗಾಗಿತ್ತೇ? ದಿನದಲ್ಲಿ ಯಾವ ಹೊತ್ತು ಕಷ್ಟ, ಯಾವ ಹೊತ್ತು ಪರವಾಗಿಲ್ಲ? ಬದುಕೇ ಬೇಡ ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದಳು. ಆ ಪ್ರಶ್ನೆಗೆ ಯಾರೂ ಗಾಬರಿಯಾಗಬೇಡಿ. ಜ್ವರ ಬಂದವನಿಗೆ ಥರ್ಮಾಮೀಟರ್ ಇಡುವ ಹಾಗೆ ಅವರು ಹೆಚ್ಚುಕಡಿಮೆ ಎಲ್ಲರನ್ನೂ ಅದನ್ನು ಕೇಳುತ್ತಾರೆ. ಹೌದಾದರೆ ಹೌದು ಎಂದೇ ಹೇಳಬೇಕು.

ಕೊನೆಗೆ, "ಇಲ್ಲಿಗೆ ಬಂದದ್ದರಿಂದ ಏನಾದರೆ ನಿಮಗೆ ಒಳ್ಳೆಯದಾಯಿತು ಅನ್ನಿಸುತ್ತೆ, ಸರ್?" ಎಂದಳು.

"ಬೆಳಿಗ್ಗೆ ಎರಡು ಲೋಟ ಇಡೋದು ನಿಲ್ಲಬೇಕು" ಎಂದೆ.

"ನಿಲ್ಲಲೇಬೇಕಾ?" ಎಂದಳು.

ನಾನು ಉತ್ತರ ಹೇಳಲಿಲ್ಲ. ಹೇಳಲು ಆಗಲಿಲ್ಲ. ಅವಳು ಗಡಿಯಾರ ನೋಡದೆ, ಮೊಬೈಲ್ ಮುಟ್ಟದೆ ಸುಮ್ಮನೆ ಕೂತಿದ್ದಳು. ಮನೆಯಲ್ಲಿ ನಾವು ಯಾರಾದರೂ ಅತ್ತರೆ ಕೂಡಲೇ "ಅಳಬೇಡ, ಅಳಬೇಡ" ಎನ್ನುತ್ತೇವೆ. ಅಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ಕರವಸ್ತ್ರ ಮಾತ್ರ ನಿಮ್ಮದೇ ತೆಗೆದುಕೊಂಡು ಹೋಗಿ. ಆ ಟಿಶ್ಯೂ ಕಾಗದ ಗಡ್ಡಕ್ಕೆ ಅಂಟಿಕೊಳ್ಳುತ್ತದೆ.

ಒಂದು ಭೇಟಿ ಸಾಮಾನ್ಯವಾಗಿ 45ರಿಂದ 50 ನಿಮಿಷ. ಮೊದಲ ದಿನ ಪರಿಹಾರ ಏನೂ ಸಿಗುವುದಿಲ್ಲ. ಬಹಳ ಜನ ನಿರಾಸೆಯಾಗಿ ಎದ್ದು ಬರುವುದು ಇಲ್ಲೇ. "ದುಡ್ಡು ಕೊಟ್ಟು ಹೋದರೆ ಬರೀ ಪ್ರಶ್ನೆ ಕೇಳಿ ಕಳಿಸಿದರು" ಎನ್ನುತ್ತಾರೆ. ಮೊದಲ ಒಂದೆರಡು ಭೇಟಿ ಇರುವುದೇ ಅವರು ನಿಮ್ಮನ್ನು, ನೀವು ಅವರನ್ನು ತಿಳಿದುಕೊಳ್ಳುವುದಕ್ಕೆ. ನನಗಂತೂ ಮೊದಲ ದಿನ ಮನೆಗೆ ಬಂದಾಗ ಇನ್ನಷ್ಟು ಸುಸ್ತಾಗಿತ್ತು. ಹೀಗಾಗುವುದು ಉಂಟು. ವರ್ಷಗಟ್ಟಲೆ ತೆಗೆಯದ ಅಟ್ಟ ತೆಗೆದರೆ ಧೂಳು ಏಳುತ್ತದೆಯಲ್ಲ, ಹಾಗೆ.

ಕನ್ನಡದಲ್ಲಿ ಇದಕ್ಕೆ ಆಪ್ತಸಮಾಲೋಚನೆ ಎಂಬ ಮಾತಿದೆ. ಒಳ್ಳೆಯ ಮಾತು. ಉಪದೇಶವಲ್ಲ, ಬುದ್ಧಿವಾದವಲ್ಲ. ಉಪದೇಶ ಮಾಡುವವರು ನಮ್ಮ ಮನೆಗಳಲ್ಲಿ ಧಾರಾಳವಾಗಿದ್ದಾರೆ, ಅದಕ್ಕಾಗಿ ಆಟೋ ಹತ್ತಬೇಕಾಗಿಲ್ಲ.

ಮಕ್ಕಳಿಗಾದರೆ ವಿಧಾನ ಕೊಂಚ ಬೇರೆ. ಮೊದಲು ಅಪ್ಪ-ಅಮ್ಮನ ಜೊತೆ ಮಾತಾಡುತ್ತಾರೆ, ಆಮೇಲೆ ಮಗುವಿನ ಜೊತೆ ಒಂಟಿಯಾಗಿ. ಚಿಕ್ಕ ಮಕ್ಕಳಿಗೆ ಬಣ್ಣದ ಪೆನ್ಸಿಲ್, ಗೊಂಬೆ ಕೊಡುತ್ತಾರೆ. ಬಾಯಲ್ಲಿ ಹೇಳಲಾಗದ್ದು ಚಿತ್ರದಲ್ಲಿ ಬರುತ್ತದೆ. ನಿನ್ನ ವಯಸ್ಸಿನವರಿಗೆ ಸ್ನೇಹಿತೆಯರ ಬಗ್ಗೆ, ಟೀಚರ್‌ಗಳ ಬಗ್ಗೆ, ಮೊಬೈಲ್ ಬಗ್ಗೆ, ಶಾಲೆಯ ವ್ಯಾನಿನ ಬಗ್ಗೆ ಕೇಳಬಹುದು. ಒಂದು ಪ್ರಶ್ನೆಗೆ ಉತ್ತರ ಹೇಳಲು ಇಷ್ಟವಿಲ್ಲದಿದ್ದರೆ "ಇವತ್ತು ಬೇಡ" ಎನ್ನಬಹುದು. ಬ್ಯಾಂಕಿನ ಲಾಕರ್ ನೋಡಿದ್ದೀಯಾ? ಅದಕ್ಕೆ ಎರಡು ಬೀಗದಕೈ. ಒಂದು ಬ್ಯಾಂಕಿನವರ ಹತ್ತಿರ, ಒಂದು ನಿನ್ನ ಹತ್ತಿರ. ಒಂದರಿಂದಲೇ ಬಾಗಿಲು ತೆಗೆಯುವುದಿಲ್ಲ.

ನಾಳೆಯಿಂದಲೇ ಶಾಲೆಗೆ ಹೋಗು ಎಂದು ಅವರು ಅಟ್ಟುವುದಿಲ್ಲ. ಶಾಲೆಯ ಹೆದರಿಕೆಗೆ ಅವರು ಮಾಡುವ ಒಂದು ಉಪಾಯ ಮೆಟ್ಟಿಲಿನದು. ಮೊದಲ ದಿನ ಯೂನಿಫಾರಂ ಹಾಕಿಕೊಂಡು ಗೇಟಿನವರೆಗೆ ಹೋಗಿ ವಾಪಸ್ಸು. ಅದು ರೂಢಿಯಾದ ಮೇಲೆ ಒಂದು ಪೀರಿಯಡ್. ಆಮೇಲೆ ಊಟದ ಬೆಲ್ಲಿನವರೆಗೆ. ಪ್ರತಿ ಮೆಟ್ಟಿಲಿನಲ್ಲೂ ಹೆದರಿಕೆ ಬರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಇಳಿಯುತ್ತದೆ. ಇಳಿಯುತ್ತದೆ ಎಂಬುದು ನಿನ್ನ ಹೊಟ್ಟೆಗೇ ಗೊತ್ತಾಗಬೇಕು. ಜೊತೆಗೆ ಮನೆಗೆಲಸವೂ ಉಂಟು: ಉಸಿರಾಟದ ಅಭ್ಯಾಸ, ದಿನಕ್ಕೆ ನಾಲ್ಕು ಸಾಲು ಬರೆಯುವುದು. ಶಾಲೆಯಲ್ಲಿ ಯಾರಾದರೂ ನಿನ್ನನ್ನು ಕಾಡಿಸುತ್ತಿದ್ದರೆ ಮಾತ್ರ ಮೆಟ್ಟಿಲು ಹತ್ತುವ ಕೆಲಸ ನಿನ್ನೊಬ್ಬಳದಲ್ಲ. ಆಗ ಶಾಲೆಯವರನ್ನು, ಅಪ್ಪ-ಅಮ್ಮನನ್ನು ಕೂರಿಸಿ ಮಾತಾಡಬೇಕಾದದ್ದು ದೊಡ್ಡವರ ಕೆಲಸ.

ಇನ್ನು ನಿನ್ನ ಎರಡನೇ ಪ್ರಶ್ನೆ, ಅಮ್ಮನಿಗೆ ಹೇಳಿಬಿಡುತ್ತಾರಾ ಎಂಬುದು. ಕಾಗದದಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯ. ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಒಬ್ಬರ ಖಾತೆಯಲ್ಲಿ ಎಷ್ಟಿದೆ ಎಂದು ಇನ್ನೊಬ್ಬರಿಗೆ ಹೇಳಕೂಡದು. ಕೌಂಟರಿಗೆ ಮಗ ಬಂದು "ನಮ್ಮ ತಂದೆಯವರ ಅಕೌಂಟಿನಲ್ಲಿ ಎಷ್ಟಿದೆ ಸ್ವಲ್ಪ ನೋಡಿ" ಎಂದರೆ, "ತಂದೆಯವರನ್ನೇ ಕರೆದುಕೊಂಡು ಬನ್ನಿ" ಎನ್ನುತ್ತಿದ್ದೆವು. ಮಗ ಪರಿಚಯದವನೇ ಆಗಿರಲಿ, ಒಂದೇ ಬೀದಿಯವನೇ ಆಗಿರಲಿ. ಆದರೆ ನ್ಯಾಯಾಲಯ ಆದೇಶ ಕಳಿಸಿದರೆ ಕೊಡಲೇಬೇಕು. ಗುಟ್ಟು ಕಾಯುವುದು ನಿಯಮ, ಅದಕ್ಕೆ ಕೆಲವೇ ಕೆಲವು ಹೊರತುಗಳು.

ಆಪ್ತಸಮಾಲೋಚನೆಯಲ್ಲೂ ಹೀಗೇ. ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರ ಗುಟ್ಟನ್ನು ಅವರ ಹಕ್ಕು ಎಂದೇ ಹೇಳಿದೆ. ಆದರೆ ಮೂರು ಸಂದರ್ಭದಲ್ಲಿ ಅವರು ಬಾಯಿ ಬಿಡಲೇಬೇಕು. ನೀನು ನಿನಗೇ ಅಪಾಯ ಮಾಡಿಕೊಳ್ಳುವಂತಿದ್ದರೆ. ನಿನ್ನಿಂದ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ. ದೊಡ್ಡವರಾಗಲಿ, ಬೇರೆ ಮಕ್ಕಳಾಗಲಿ ನಿನ್ನನ್ನು ಹಿಂಸಿಸುತ್ತಿದ್ದರೆ, ಮುಟ್ಟಬಾರದ ರೀತಿಯಲ್ಲಿ ಮುಟ್ಟುತ್ತಿದ್ದರೆ. ಈ ಕೊನೆಯದಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ. ಗೊತ್ತಾದವರು ತಿಳಿಸದೆ ಸುಮ್ಮನಿರುವ ಹಾಗಿಲ್ಲ. ಈ ಮೂರರಲ್ಲೂ ಹೇಳುವುದು ನಿನ್ನನ್ನು ಬೈಸುವುದಕ್ಕಲ್ಲ, ಕಾಪಾಡುವುದಕ್ಕೆ.

ಉಳಿದದ್ದು? ನೀನು ಇನ್ನೂ ಚಿಕ್ಕವಳು, ಅಪ್ಪ-ಅಮ್ಮನಿಗೆ ಏನೂ ಹೇಳದೆ ಇರುವುದೂ ಸರಿಯಲ್ಲ. ಒಳ್ಳೆಯ ಕೌನ್ಸೆಲರ್ ಅಮ್ಮನಿಗೆ ಬ್ಯಾಲೆನ್ಸ್ ಹೇಳುತ್ತಾರೆ, ಎಂಟ್ರಿಗಳನ್ನು ಹೇಳುವುದಿಲ್ಲ. "ಶಾಲೆಯ ವಿಷಯದಲ್ಲಿ ಹೆದರಿದ್ದಾಳೆ, ಸ್ವಲ್ಪ ದಿನ ಬಲವಂತ ಬೇಡ" ಎನ್ನಬಹುದು. ಯಾವ ಗೆಳತಿ ಏನೆಂದಳು, ನೀನು ಅಪ್ಪನ ಮೇಲೆ ಎಷ್ಟು ಸಿಟ್ಟಾಗಿದ್ದೀಯ ಎಂಬುದನ್ನೆಲ್ಲ ಓದಿ ಹೇಳುವುದಿಲ್ಲ. ಹೀಗಿದ್ದರೂ ಮೊದಲ ದಿನವೇ ನೀನು ಕೇಳಿಬಿಡು: "ಮೇಡಂ, ನಾನು ಹೇಳಿದ್ದರಲ್ಲಿ ಯಾವುದನ್ನು ಅಮ್ಮನಿಗೆ ಹೇಳ್ತೀರಿ?" ಇದು ಅಧಿಕಪ್ರಸಂಗವಲ್ಲ. ಪಾಸ್‌ಬುಕ್ ತೋರಿಸಿ ಎಂದು ಕೇಳುವುದು ಗ್ರಾಹಕರ ಹಕ್ಕು.

(ಬ್ಯಾಂಕಿನ ಹೋಲಿಕೆ ಜಾಸ್ತಿಯಾಯಿತು ಎಂದು ಈ ಹಾಳೆ ಓದಿದ ಸೊಸೆ ಗೊಣಗುತ್ತಿದ್ದಾಳೆ. ಇನ್ನು ಸಾಕು ಮಾಡುತ್ತೇನೆ.)

ಹುಚ್ಚು ಎಂಬ ಮಾತಿಗೆ ಬರೋಣ. ಇದನ್ನು ಅಜ್ಜ-ಅಜ್ಜಿಯರೂ ಕೇಳಿಸಿಕೊಳ್ಳಬೇಕು, ಯಾಕೆಂದರೆ ಆ ಮಾತನ್ನು ಮನೆಗೆ ತಂದದ್ದು ನಮ್ಮ ತಲೆಮಾರು. ಹೊಸೂರು ರಸ್ತೆಯ ಆ ದೊಡ್ಡ ಕಾಂಪೌಂಡನ್ನು ಜನ ಆಗ ಹುಚ್ಚಾಸ್ಪತ್ರೆ ಎನ್ನುತ್ತಿದ್ದರು. ಗಲಾಟೆ ಮಾಡುವ ಹುಡುಗರಿಗೆ "ಅಲ್ಲಿ ಬಿಟ್ಟು ಬರ್ತೀನಿ ನೋಡು" ಎಂಬ ಬೆದರಿಕೆ. ಮೈಸೂರು ಸಂಸ್ಥಾನದ ಕಾಲದಿಂದ ಇದ್ದ ಮಾನಸಿಕ ಆಸ್ಪತ್ರೆ ಅದು. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರಿನಲ್ಲೇ ನರವಿಜ್ಞಾನವೂ ಇದೆ. ಮೂರ್ಛೆರೋಗದವರು, ಪಾರ್ಶ್ವವಾಯು ಆದವರು, ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ದೇಶದ ಎಲ್ಲೆಲ್ಲಿಂದಲೋ ರೈಲು ಹತ್ತಿ ಬರುತ್ತಾರೆ. ನಾವು ಇಲ್ಲೇ ಪಕ್ಕದಲ್ಲಿದ್ದುಕೊಂಡು ಅದರ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ.

ಅದೇ ನಿಮ್ಹಾನ್ಸ್‌ನವರದು ಬಿ.ಟಿ.ಎಂ. ಲೇಔಟ್‌ನಲ್ಲಿ ಒಂದು ಯೋಗಕ್ಷೇಮ ಕೇಂದ್ರವಿದೆ, ಸೆಂಟರ್ ಫಾರ್ ವೆಲ್ ಬೀಯಿಂಗ್ ಎನ್ನುತ್ತಾರೆ. (ಬಿ.ಟಿ.ಎಂ. ಎಂದರೇನು ಎಂದು ಗೊತ್ತಿಲ್ಲದ ಮಕ್ಕಳಿಗೆ: ಭೈರಸಂದ್ರ, ತಾವರೆಕೆರೆ, ಮಡಿವಾಳ.) ಪರೀಕ್ಷೆಯ ಭಯ, ಮನೆಯ ಜಗಳ, ನಿದ್ದೆ ಬಾರದಿರುವುದು, ಇಂಥ ತೊಂದರೆಗಳಿಗೆ ಅಲ್ಲಿಗೆ ಹೋಗಬಹುದು. ಮೊಬೈಲ್, ವಿಡಿಯೊ ಗೇಮ್ ಬಿಡಲಾಗದವರಿಗೆಂದು ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ಎಂಬ ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡುವ ಅಜ್ಜಂದಿರೂ ಇದನ್ನು ಗುರುತು ಹಾಕಿಕೊಳ್ಳಬಹುದು.

ಬನ್ನೇರುಘಟ್ಟ ರಸ್ತೆಯ ಅರಕೆರೆ ಕಡೆ 'ಸಮಾಧಾನ' ಎಂಬ ಕೇಂದ್ರವಿದೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಕಟ್ಟಿದ್ದು. ಅಲ್ಲಿ ಆಪ್ತಸಲಹೆ ಉಚಿತ. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದವರು ಅವರು. 2024ರಲ್ಲಿ ಪದ್ಮಶ್ರೀ ಬಂತು. ಮನೆಯವರು ಕೇಳಿದರೆ ಹೇಗೆ ವಿವರಿಸುವುದು ಎಂದು ತಡವರಿಸುವವರು ಗ್ರಂಥಾಲಯದಿಂದ ಅವರದೊಂದು ಪುಸ್ತಕ ತಂದು ಮೇಜಿನ ಮೇಲೆ ಇಟ್ಟರೂ ಸಾಕು. ಖಾಸಗಿಯಾಗಿ ನೋಡುವವರಲ್ಲಿ ಒಂದು ಭೇಟಿಗೆ ಸಾವಿರ, ಸಾವಿರದ ಐನೂರು, ಕೆಲವೆಡೆ ಅದಕ್ಕೂ ಮೇಲೆ. ಫೋನಿನಲ್ಲೇ ಎಷ್ಟು ಎಂದು ಕೇಳಿ, ಸಂಕೋಚ ಬೇಡ. ಏನು ಓದಿದ್ದೀರಿ, ಮಕ್ಕಳ ಜೊತೆ ಕೆಲಸ ಮಾಡಿದ್ದೀರಾ ಎಂದೂ ಕೇಳಿ. ಈಗ ಬೀದಿಗೊಂದು ಬೋರ್ಡು ಇದೆ, ಹದಿನೈದು ದಿನದ ಕೋರ್ಸು ಮಾಡಿ ಕೂತವರೂ ಇದ್ದಾರೆ. ಕೌನ್ಸೆಲರ್‌ಗಳು ಮಾತ್ರೆ ಬರೆಯುವುದಿಲ್ಲ. ಮಾತ್ರೆ ಬೇಕೆನ್ನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಅವರು ಎಂ.ಬಿ.ಬಿ.ಎಸ್. ಮಾಡಿ ಅದರ ಮೇಲೆ ಓದಿದ ಡಾಕ್ಟರು.

ಎಲ್ಲಿಗೂ ಹೋಗಲಾಗದ ಹೊತ್ತಿಗೆ 14416. ಟೆಲಿ ಮಾನಸ್ ಎಂದು ಹೆಸರು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳು ತೊಂದರೆಯಲ್ಲಿದ್ದರೆ 1098. ಇವೆರಡನ್ನೂ ಫ್ರಿಜ್ ಬಾಗಿಲ ಮೇಲೆ, ಗ್ಯಾಸ್ ನಂಬರಿನ ಪಕ್ಕದಲ್ಲಿ ಬರೆದಿಡಿ.

ಇನ್ನೊಂದು ಮಾತು. ಎರಡು ಮೂರು ಸಲ ಹೋದ ಮೇಲೂ ಆ ವ್ಯಕ್ತಿಯ ಹತ್ತಿರ ಮಾತು ಬರುತ್ತಿಲ್ಲ ಎನ್ನಿಸಿದರೆ ಬದಲಾಯಿಸಬಹುದು. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಬೇರೆಯವರ ಹೆಸರನ್ನು ತಾವೇ ಹೇಳುತ್ತಾರೆ.

ನನ್ನ ಲೋಟದ ಕಥೆ ಏನಾಯಿತು ಎಂದು ಕೆಲವರು ಯೋಚಿಸುತ್ತಿರಬಹುದು. ಏಳನೇ ಭೇಟಿಯ ಹೊತ್ತಿಗೆ ಅದು ತಾನಾಗಿ ಒಂದಾಗಿತ್ತು. ಅವಳ ಲೋಟ ಕಪಾಟಿನಲ್ಲಿದೆ. ಅವಳು ಹುಟ್ಟಿದ ದಿನ ಅದರಲ್ಲಿ ನಾನು ಕಾಫಿ ಕುಡಿಯುತ್ತೇನೆ. ಇದೂ ಆ ಹುಡುಗಿ ಹೇಳಿಕೊಟ್ಟದ್ದಲ್ಲ, ಮಾತಾಡುತ್ತಾ ನನಗೇ ಹೊಳೆದದ್ದು. ನಿದ್ದೆ ಮಾತ್ರ ಪೂರ್ತಿ ಸರಿಹೋಗಿಲ್ಲ, ನಾಲ್ಕಕ್ಕೆ ಎಚ್ಚರವಾಗುತ್ತದೆ. ಎರಡಕ್ಕಿಂತ ನಾಲ್ಕು ವಾಸಿ.

ಕಡೆಗೆ, ಅಜ್ಜ-ಅಜ್ಜಿಯರಿಗೆ ಒಂದು ಕೋರಿಕೆ. ಬೆಳಿಗ್ಗೆ ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ. ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದರಿಂದ ಯಾರಿಗೂ ಕೆಟ್ಟದಾಗುವುದಿಲ್ಲ, ಅಜ್ಜಿ ನನ್ನ ಕಡೆ ಇದ್ದಾಳೆ ಎಂದು ಮಗುವಿಗೂ ಅನ್ನಿಸುತ್ತದೆ. ಅದಾದ ಮೇಲೆ ಚಪ್ಪಲಿ ಮೆಟ್ಟಿಕೊಂಡು ನೀವೂ ಜೊತೆಗೆ ಹೋಗಿ. ಹೊರಗಿನ ಬೆಂಚಿನಲ್ಲಿ ಕೂತಿರಿ. ಮಗು ಹೊರಗೆ ಬಂದಾಗ "ಏನು ಕೇಳಿದರು? ನೀನೇನು ಹೇಳಿದೆ?" ಎಂದು ಶುರು ಮಾಡಬೇಡಿ. ಮೊದಲ ದಿನ ನಮ್ಮ ಸೊಸೆ ನನ್ನನ್ನು ಕೇಳಿದ್ದು ಇಷ್ಟೇ: "ಮಾವ, ಇಲ್ಲೇ ತಿಂಡಿ ತಿಂದುಕೊಂಡು ಹೋಗೋಣವಾ, ಮನೆಗೆ ಹೋಗಿ ಮಾಡ್ಲಾ?"